ಮೊದಲು ಕಲ್ಲು

ಅಂದು ಬಸ್ಸು ಬೇಗ ಬಂತು. ಝೀಝ್ ಕಣಿವೆಯಲ್ಲಿ ನೀಲಿ ನೀರಿನ ಬುಗ್ಗೆ ನೋಡಿಕೊಂಡು ಬಂದ ಪ್ರವಾಸಿಗರು ಪಳೆಯುಳಿಕೆ ಸಂಗ್ರಹಾಲಯಕ್ಕೆ ನುಗ್ಗಿದಾಗ ಇತ್ತೊ ಎಂಬ ಕೆಲಸದಾಕೆ ಇನ್ನೂ ನೆಲ ಒರೆಸುತ್ತಿದ್ದಳು. ಮುಂದಿನ ಗಾಜಿನೊಳಗೆ ಎಲುಬಿನ ಕವಚವಿದ್ದ ಪುರಾತನ ಮೀನಿನ ಕಲ್ಲಾದ ತಲೆ, ಕತ್ತೆಯಷ್ಟು ದೊಡ್ಡದು. ಒಂಬತ್ತು ವರ್ಷದ ಹಿಂದೆ ಅದನ್ನು ಅಗೆಯುವಾಗ ಗುಂಡಿ ಕುಸಿದು ಅವಳ ಗಂಡ ಬೆನಾಸರ್ ಸತ್ತಿದ್ದ. ಮಣ್ಣು ಬಿದ್ದ ಗಳಿಗೆಯಲ್ಲೇ ಜೀವ ಹೋಯಿತು ಎಂದಿದ್ದರು ಎಲ್ಲರೂ. ಅದೊಂದೇ ಅವಳಿಗಿದ್ದ ಸಮಾಧಾನ. ಸಂಗ್ರಹಾಲಯದ ಒಡೆಯ ಸೆಬ್ತಿ ಸಾಹೇಬರು ಕನಿಕರಪಟ್ಟು ಈ ಕೆಲಸ ಕೊಟ್ಟಿದ್ದರು.

ಸಾಹೇಬರು ಫ್ರೆಂಚಿನಲ್ಲಿ ಕಥೆ ಶುರುಮಾಡಿದರು. ಹೋಟೆಲಿನಲ್ಲಿ ಆರು ವರ್ಷ ಪಾತ್ರೆ ತೊಳೆದವಳಿಗೆ ಆ ಭಾಷೆ ಬರುತ್ತದೆಂದು ಅವರಿಗೆ ತಿಳಿಯದು.

“ಬೆಳಿಗ್ಗೆ ಗುಂಡಿ ಕುಸೀತು. ಇದ್ದದ್ದೊಂದೇ ರಾಟೆ, ಅದರಲ್ಲಿ ಈ ತಲೆ ನೇತಾಡ್ತಿತ್ತು. ಬಿಟ್ರೆ ಚೂರುಚೂರು! ಕೆಳಗೆ ಕೂಲಿಯವನೊಬ್ಬ ಕೂಗ್ತಿದ್ದ. ನಾನಂದೆ, ಮೊದಲು ಕಲ್ಲು. ಮೂವತ್ತೇಳು ಕೋಟಿ ವರ್ಷ ಕಾದ ಮೀನನ್ನ ಇನ್ನೂ ಕಾಯಿಸೋಕಾಗುತ್ತಾ?”

ಯಾರೋ ನಕ್ಕರು.

“ಎಷ್ಟು ಹೊತ್ತು ಕೂಗಿದ?” ಹಿಂದಿನಿಂದ ಇತ್ತೊ ಫ್ರೆಂಚಿನಲ್ಲೇ ಕೇಳಿದಳು.

“ಮಧ್ಯಾಹ್ನದವರೆಗೆ,” ಎಂದ ಸಾಹೇಬರು ಆಮೇಲೆ ತಿರುಗಿ ನೋಡಿದರು. ಮುಖ ಕಪ್ಪಿಟ್ಟಿತು. “ಹೋಗು, ಒಳಗೆ ಚಹಾ ಇದೆ, ಕುಡಿ.”

ಅವಳು ಸೀದಾ ದಿಬ್ಬ ಹತ್ತಿದಳು. ಖರ್ಜೂರದ ತೋಪಿನ ಫೋಟೋ ತೆಗೆಯುವವರಿಗೆ ಮೈದುನ ಲಹ್ಸೆನ್ ಅಲ್ಲಿ ಪಳೆಯುಳಿಕೆ ಮಾರುತ್ತಿದ್ದ.

“ಅವತ್ತು ರಾಟೆ ಹಗ್ಗ ಹಿಡಿದಿದ್ದೋನು ನೀನೇ ತಾನೆ?”

“ಈಗ್ಯಾಕೆ ಅದು, ಅತ್ತಿಗೆ?”

“ಏನಂತ ಕೂಗ್ದ ಅವನು?”

ಲಹ್ಸೆನ್ ತಲೆ ತಗ್ಗಿಸಿದ. “ನನ್ನ ಹೆಸರು. ಸಾಹೇಬ್ರು ಹಗ್ಗ ಬಿಡಬೇಡ ಅಂದ್ರು. ಮನೆ ಕಟ್ಟಿಸ್ಕೊಡ್ತೀನಿ ಅಂದ್ರು.”

ಪ್ರತಿ ಈದ್‌ಗೂ ಅವಳು ಊಟ ಮಾಡುತ್ತಿದ್ದದ್ದು ಆ ಮನೆಯಲ್ಲೇ. ಅವಳು ಅವನ ಮೇಜನ್ನು ಒದ್ದು ಬೀಳಿಸಿದಳು. ಕಲ್ಲುಗಳು ಇಳಿಜಾರಿನಲ್ಲಿ ಉರುಳಿದವು. ಒಬ್ಬ ಪ್ರವಾಸಿ ಒಂದನ್ನು ಹೆಕ್ಕಿಕೊಂಡು, “ಇದಕ್ಕೆಷ್ಟು?” ಎಂದ.

ಮರುದಿನ ಪೊಲೀಸು ಠಾಣೆಯಲ್ಲಿ ಸಾಹೇಬರ ಮೇಲೆ ದೂರು ಕೊಟ್ಟಳು. ಸಾಕ್ಷಿಗೆಂದು ಲಹ್ಸೆನ್‌ನನ್ನೇ ಕರೆಸಿದರು. ಅವನು ಒಗೆದ ಜಲ್ಲಾಬಾ ನಿಲುವಂಗಿ ತೊಟ್ಟು ಬಂದು, ಇವಳ ಕಡೆ ನೋಡದೆ ಆಣೆಯಿಟ್ಟ:

“ಅಣ್ಣ ಸತ್ತಾಗಿಂದ ಅತ್ತಿಗೆಗೆ ತಲೆ ಸರಿಯಿಲ್ಲ, ಸ್ವಾಮಿ. ನಾವೇ ಸಾಕ್ತಿದ್ದೀವಿ.”

ಅಧಿಕಾರಿ ಕಡತ ಮುಚ್ಚಿದ. ಅದೇ ವಾರ ಸಂಗ್ರಹಾಲಯದ ನೆಲ ಒರೆಸಲು ಲಹ್ಸೆನ್‌ನ ಹೆಂಡತಿ ಸೇರಿಕೊಂಡಳು.