ಮರದ ಕಾಲಿನ ಗುಮ್ಮ

ಬೀಗಿತ್ತಿಯರಿಬ್ಬರೂ ಒಂದೇ ಸೋಫಾದ ಎರಡು ತುದಿಗೆ ಕೂತಿದ್ದರು. ನಡುವೆ ಇನ್ನೂ ಇಬ್ಬರು ಕೂರುವಷ್ಟು ಜಾಗವಿತ್ತು. ಕೂರುವ ಧೈರ್ಯ ಮಾತ್ರ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಒಬ್ಬಳು ಹುಡುಗನ ತಾಯಿ, ಬಸ್ ನಿಲ್ದಾಣದ ಕಿಂಡಿಯ ಹಿಂದೆ ಕೂತು ಟಿಕೆಟ್ ಹರಿಯುತ್ತಲೇ ಕೂದಲು ನರೆಸಿಕೊಂಡವಳು, ಓಣಿಗೆಲ್ಲ ಟಿಕೆಟ್ಟಮ್ಮ. ಇನ್ನೊಬ್ಬಳು ಹುಡುಗಿಯ ತಾಯಿ, ಹೊಳೆಯಾಚೆ ಬೇಕರಿ ನಡೆಸಿದವಳು. ಟಿಕೆಟ್ಟಮ್ಮ ಅವಳನ್ನು ಎದುರಿಗೆ ‘ಬೀಗಿತ್ತಿ’ ಅನ್ನುತ್ತಿದ್ದಳು, ಬೆನ್ನ ಹಿಂದೆ ‘ಆ ಮೈದಾಹಿಟ್ಟು’ ಅನ್ನುತ್ತಿದ್ದಳು.

ಜಗಳದ ಕಾರಣ ತೊಟ್ಟಿಲಲ್ಲಿ ಕಣ್ಣು ಪಿಳಿಪಿಳಿ ಬಿಡುತ್ತಾ ಮಲಗಿತ್ತು. ಸೊಸೆಗೆ ರಾಜಧಾನಿಗೆ ವರ್ಗವಾಗಿತ್ತು. ಅಲ್ಲಿನ ಪುಟ್ಟ ಮನೆಯಲ್ಲಿ ಮಗು ನೋಡಿಕೊಳ್ಳಲು ಒಬ್ಬ ಅಜ್ಜಿಗೆ ಮಾತ್ರ ಜಾಗ. ಟಿಕೆಟ್ಟಮ್ಮ ಆಗಲೇ ಸೂಟ್‌ಕೇಸ್ ತುಂಬಿ ಬಾಗಿಲ ಹಿಂದೆ ಇಟ್ಟಿದ್ದಳು. ಗಂಡ ಹೋದ ಮೇಲೆ ಅವಳಿಗೆ ಮತ್ತೆ ಬದುಕಬೇಕು ಅನ್ನಿಸಿದ್ದೇ ಈ ಮೊಮ್ಮಗಳನ್ನು ಎತ್ತಿಕೊಂಡಾಗ. ಇದನ್ನು ಮೈದಾಹಿಟ್ಟಿನ ಕೈಗೆ ಕೊಟ್ಟು ತಾನು ಗೋಡೆ ನೋಡುತ್ತಾ ಕೂರುವುದೇ? ಸತ್ತರೂ ಇಲ್ಲ!

ಸೊಸೆಯ ಕೆಲಸವೇ ಒಂದು ವಿಚಿತ್ರ. ಖಂಡದ ದೇಶಗಳೆಲ್ಲ ಗಡಿ ಕಿತ್ತು ಹಾಕಿ, ಒಂದೇ ನಾಣ್ಯ, ಒಂದೇ ಬಾವುಟ ಮಾಡಿಕೊಂಡಿದ್ದು ಸಾಲದೆಂದು ಈಗ ಎಲ್ಲರಿಗೂ ಒಂದೇ ನೆನಪು ಬೇಕಂತೆ! ಅದಕ್ಕೊಂದು ಕಚೇರಿ, ಅದಕ್ಕೊಂದು ಮ್ಯೂಸಿಯಂ. ಅಲ್ಲಿನ ಮಕ್ಕಳ ಕೋಣೆಗೆ ಒಂದು ಕಾಲಕ್ಕೆ ಗಡಿಯಾಗಿದ್ದ ಹೊಳೆಯ ಎರಡೂ ದಡದ ಜೋಗುಳ ಬೇಕಾಗಿತ್ತು. ಸೊಸೆ ಮೊಬೈಲನ್ನು ತೊಟ್ಟಿಲಿಗೆ ಒರಗಿಸಿಟ್ಟು, “ಅತ್ತೆ, ಮೊದಲು ನೀವು ಹಾಡಿ” ಅಂದಳು.

ಟಿಕೆಟ್ಟಮ್ಮನಿಗೆ ಬೇಕಾದಷ್ಟು ಹಾಡು ಗೊತ್ತಿತ್ತು. ಬೇಕೆಂತಲೇ ಇದನ್ನು ಆರಿಸಿದಳು.

“ಮಲಗು ಮಲಗು ಕೂಸೇ, ಹೊಳೆಯಾಚೆ ಗುಮ್ಮ ಬಂದಾನು, ಕೊಳ್ಳಿ ಹಿಡಿದು ಬಂದಾನು, ಮನೆಗೆ ಬೆಂಕಿ ಇಟ್ಟಾನು.”

“ಯುದ್ಧದಲ್ಲಿ ನಿಮ್ಮವರು ನಮ್ಮ ಓಣಿ ಸುಟ್ಟಾಗ ಕಟ್ಟಿದ ಹಾಡು ಇದು,” ಎಂದು ಬೀಗಿತ್ತಿಯ ಕಡೆ ತಿರುಗಿ ಸೇರಿಸಿದಳು.

“ಮೊದಲು ಸುಟ್ಟವರು ಯಾರು ಅಂತ ಹಾಡಲ್ಲಿ ಬರಲ್ವಾ?” ಅಂದಳು ಬೀಗಿತ್ತಿ.

“ಅಮ್ಮ, ಸಾಕು!” ಸೊಸೆ ಗದರಿದಳು. “ಇಬ್ಬರಿಗೂ ಹೇಳ್ತಿದೀನಿ. ಮಗು ಮುಂದೆ ಕಚ್ಚಾಡೋರನ್ನ ನಾನು ಕರ್ಕೊಂಡು ಹೋಗಲ್ಲ.”

ಮಗರಾಯ ಅಡುಗೆಮನೆಯಲ್ಲಿ ತೊಳೆದ ಹಾಲಿನ ಬಾಟಲಿಯನ್ನೇ ಮತ್ತೆ ತೊಳೆಯುತ್ತಿದ್ದ, ಹೇಡಿ.

ಟಿಕೆಟ್ಟಮ್ಮ ದನಿ ಮೆತ್ತಗೆ ಮಾಡಿಕೊಂಡಳು. “ನಾನ್ಯಾಕೆ ಜಗಳ ಆಡ್ಲಿ ತಾಯಿ? ಈ ತೊಟ್ಟಿಲು ನಮ್ಮಪ್ಪ ತಂದಿದ್ದು. ನಾನು ಇದರಲ್ಲೇ ಮಲಗಿದ್ದೆ, ನಿನ್ನ ಗಂಡನೂ ಇದರಲ್ಲೇ ಮಲಗಿದ್ದ. ಮಗುಗೆ ಇದು ಬಿಟ್ರೆ ನಿದ್ದೆ ಬರಲ್ಲ. ತೊಟ್ಟಿಲು ಎಲ್ಲೋ ನಾನೂ ಅಲ್ಲೇ.”

“ಅದೂ ನಿಜ ಅತ್ತೆ,” ಅಂದಳು ಸೊಸೆ. ಟಿಕೆಟ್ಟಮ್ಮನಿಗೆ ಕೂತಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಆಮೇಲೆ ಬೀಗಿತ್ತಿ ಹಾಡಿದಳು, ತನ್ನ ದಡದ ಭಾಷೆಯಲ್ಲಿ. ಕಿಂಡಿಯ ಹಿಂದೆ ಅಷ್ಟು ವರ್ಷ ಕೂತ ಟಿಕೆಟ್ಟಮ್ಮನಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು. ಬರುತ್ತದೆಂದು ಮಾತ್ರ ಯಾರಿಗೂ ತೋರಿಸಿಕೊಂಡವಳಲ್ಲ.

“ಮಲಗು ಮಲಗು ಕಂದ, ಸೇತುವೆ ದಾಟಿ ಗುಮ್ಮ ಬಂದ, ಟಕ್ಕು ಟಕ್ಕು ಮರದ ಕಾಲು, ಕೈಗಾಡಿ ತಳ್ಳುತ್ತ ಬಂದ. ಕೂಸನ್ನ ನೆಲಕ್ಕೆ ಸುರಿದ, ತೊಟ್ಟಿಲು ಹೊತ್ತು ಹೋದ.”

ಟಿಕೆಟ್ಟಮ್ಮ ತೊಟ್ಟಿಲಿನ ಕಡೆ ನೋಡಿದಳು. ಮರದ ಕಾಲು. ಕೈಗಾಡಿ. ಎರಡೂ ಅವಳ ಅಪ್ಪನವು. ಮೆಟ್ಟಿಲ ಮೇಲೆ ಆ ಟಕ್ ಟಕ್ ಕೇಳಿಸಿದೊಡನೆ ಓಡಿಹೋಗಿ ಅಪ್ಪನ ಒಳ್ಳೆಯ ಕಾಲನ್ನು ತಬ್ಬಿಕೊಳ್ಳುತ್ತಿದ್ದವಳು ಅವಳು. ತೊಟ್ಟಿಲು ಜನ ಬಿಟ್ಟೋಡಿದ ಮನೆಯಲ್ಲಿ ಅನಾಥವಾಗಿ ಬಿದ್ದಿತ್ತು, ಎತ್ತಿಕೊಂಡು ಬಂದೆ ಅಂದಿದ್ದ ಅಪ್ಪ. ಅವಳು ನಂಬಿದ್ದಳು.

ಬಾಯಿ ಮುಚ್ಚಿಕೊಂಡಿದ್ದರೆ ಅವಳೇ ಗೆಲ್ಲುತ್ತಿದ್ದಳು. ಅಪ್ಪನ ಕಾಲಿನ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗ ಹುಟ್ಟುವ ಮೊದಲೇ ಅಪ್ಪ ಸತ್ತಿದ್ದ.

ಆದರೆ ಸೊಸೆ ಚಪ್ಪಾಳೆ ತಟ್ಟಿಬಿಟ್ಟಳು. “ನೋಡಿ, ಎರಡೂ ಕಡೆ ಗುಮ್ಮನೇ! ನಮ್ಮ ಖಂಡವನ್ನ ಒಂದು ಮಾಡಿರೋದೇ ಇದು. ಮರದ ಕಾಲಿನ ಗೊಂಬೆ ಮಾಡಿಸ್ತೀನಿ, ಗುಂಡಿ ಒತ್ತಿದ್ರೆ ಟಕ್ ಟಕ್ ಅಂತ ನಡೀಬೇಕು. ಮಕ್ಕಳು ಬಿದ್ದು ಬಿದ್ದು ನಗ್ತಾರೆ.”

“ಮುಖ ಮಾತ್ರ ಕಳ್ಳನ ಮುಖಾನೇ ಇರ್ಲಿ,” ಅಂದಳು ಬೀಗಿತ್ತಿ.

ಟಿಕೆಟ್ಟಮ್ಮನಿಗೆ ಮೈಯೆಲ್ಲ ಉರಿದುಹೋಯಿತು. “ಯಾರೇ ಕಳ್ಳ? ನಾಲಿಗೆ ಬಿಗಿ ಹಿಡಿದು ಮಾತಾಡು! ಖಾಲಿ ಮನೇಲಿ ಬಿದ್ದಿದ್ದನ್ನ ತಂದ್ರೆ ಕಳ್ಳತನಾನಾ? ಕೂಸಿತ್ತಂತೆ ಕೂಸು! ಕೂಸಿದ್ದಿದ್ರೆ ನಮ್ಮಪ್ಪ ಈ ತೊಟ್ಟಿಲು ಮುಟ್ಟುತ್ತಲೇ ಇರ್ಲಿಲ್ಲ!”

ಅಡುಗೆಮನೆಯ ನಲ್ಲಿ ನಿಂತಿತು.

“ನಿಮ್ಮಪ್ಪನಿಗೆ ಮರದ ಕಾಲಿತ್ತಾ?” ಬೀಗಿತ್ತಿ ನಿಧಾನವಾಗಿ ಕೇಳಿದಳು.

ಬೀಗಿತ್ತಿ ಎದ್ದು ಬಂದು ತೊಟ್ಟಿಲ ಅಂಚನ್ನು ಅಂಗೈಯಲ್ಲಿ ಸವರಿದಳು. “ಆ ಕೂಸು ಯಾರ ಮನೇದೋ ನಂಗೊತ್ತಿಲ್ಲ. ನಮ್ಮ ದಡದ್ದು, ಅಷ್ಟೇ.”

ಸೊಸೆ ಬಗ್ಗಿ ಮಗುವನ್ನು ತೊಟ್ಟಿಲಿನಿಂದ ಎತ್ತಿ ಎದೆಗವಚಿಕೊಂಡಳು. ಮೊಬೈಲು ನೆಲಕ್ಕೆ ಬಿತ್ತು. ಅದನ್ನು ತೆಗೆಯಲೂ ಇಲ್ಲ.

“ಹಳೇ ಕಥೆ ಕಣೇ ಅದು,” ಟಿಕೆಟ್ಟಮ್ಮನ ದನಿ ಅಂಗಲಾಚಿತು. “ಹಳೇದೆಲ್ಲ ಎಲ್ಲರಿಗೂ ಸೇರಿದ್ದು ಅಂತ ನೀನೇ ಹೇಳ್ತಿದ್ಯಲ್ಲ!”

“ಕಚೇರೀಲಿ ಹೇಳ್ತೀನಿ ಅತ್ತೆ. ಇದು ನನ್ನ ಮಗು. ಅಮ್ಮ ಬರ್ತಾಳೆ.”

ಮಗ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. “ಹಾಗಾದ್ರೆ ತೊಟ್ಟಿಲಾದ್ರೂ ಅಮ್ಮನ ಹತ್ರ ಇರ್ಲಿ,” ಅಂದ.

“ಯಾಕಿರಬೇಕು?” ಅಂದಳು ಬೀಗಿತ್ತಿ. “ತೊಟ್ಟಿಲು ಬರುತ್ತೆ. ಅವರು ಬೇಡ.”

ಮಗ ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ತೊಟ್ಟಿಲನ್ನು ಹೆಗಲಿಗೇರಿಸಿದ. ಅದು ಉದ್ದವಾಗಿತ್ತು, ಮೆಟ್ಟಿಲು ಕಿರಿದಾಗಿತ್ತು. ಇಳಿಯುವಾಗ ತೊಟ್ಟಿಲ ಕಾಲು ಒಂದೊಂದು ಮೆಟ್ಟಿಲಿಗೂ ಬಡಿಯಿತು. ಟಕ್. ಟಕ್. ಟಿಕೆಟ್ಟಮ್ಮ ತುಂಬಿದ ಸೂಟ್‌ಕೇಸಿನ ಮೇಲೆ ಕೂತು ಕೇಳಿಸಿಕೊಂಡಳು. ಚಿಕ್ಕಂದಿನಲ್ಲಿ ಆ ಸದ್ದು ಮೇಲೆ ಹತ್ತಿ ಬರುತ್ತಿತ್ತು. ಈಗ ಅವಳಿಗೆ ಎದ್ದು ಓಡಲು ಕಾಲು ಬರಲಿಲ್ಲ.