ಪೈಪಿನ ಹೊಸ್ತಿಲು

"ಕಾಲು ಹಿಡ್ದು ಎಳೀಬೇಡ್ರೋ, ಅವ್ನೇನು ಸಿಮೆಂಟ್ ಮೂಟೆನಾ?" ಸಿದ್ದಕ್ಕ ಟೀ ಗಾಡಿಯ ಹಿಂದಿನಿಂದಲೇ ಕೂಗಿದಳು.

ಪೈಪಿನೊಳಗಿಂದ ಸಿದ್ದರಾಜುವಿನ ದನಿ ಗುಂಯ್‌ಗುಟ್ಟುತ್ತ ಬಂತು. "ಮೂಟೆ ಆಗಿದ್ರೆ ಯಾವಾಗ್ಲೋ ಆಚೆ ಬಂದಿರೋದು ಅಕ್ಕ. ಕೂತಂಗೇ ಬಿಗಿದೋಗವ್ನೆ. ಕಾಲು ನೀಡ್ತಾನೇ ಇಲ್ಲ."

"ಹಂಗಾದ್ರೆ ಕುಂತಂಗೇ ತನ್ನಿ. ಅವ್ರ ಜನದಾಗೆ ಕೂರ್ಸೇ ಮಣ್ಣು ಮಾಡೋದು."

ಸಿದ್ದರಾಜು ಮತ್ತು ನಲ್ಲಪ್ಪ ಪೀಣ್ಯದ ಫ್ಯಾಕ್ಟರಿಗಳ ಲಾರಿಗಳಿಗೆ ಮಾಲು ತುಂಬುವ ಹಮಾಲರು. ಭಾರ ಎತ್ತುವುದು ಅವರಿಗೆ ಹೊಸದಲ್ಲ, ಹೆಣ ಎತ್ತುವುದು ಹೊಸದು. ಒಬ್ಬ ಕಂಕುಳಿಗೆ, ಇನ್ನೊಬ್ಬ ಮಂಡಿಯ ಕೆಳಗೆ ಕೈಕೊಟ್ಟು ಮುರಿಗೆಪ್ಪನನ್ನು ಹೊರಗೆ ತಂದು, ಮಾಲು ಸಾಗಿಸುವ ತಮ್ಮ ತಳ್ಳುಗಾಡಿಯ ಮೇಲೆ ಕೂರಿಸಿದರು. ಬೆನ್ನಿಗೆ ಎರಡು ಗೋಣಿಮೂಟೆ ಒತ್ತಿಟ್ಟರು.

"ಟೀ ಬರ್ಲಿ ಅಂತ ಕಾಯ್ತಾ ಕುಂತಂಗವ್ನೆ," ಎಂದು ನಲ್ಲಪ್ಪ ನಕ್ಕ. ಯಾರೂ ಜೊತೆಗೆ ನಗದಿದ್ದಾಗ ಟವೆಲಿನಿಂದ ಮುಖ ಒರೆಸಿಕೊಂಡ.

ಒಳಚರಂಡಿಗೆಂದು ತಂದು ಫ್ಯಾಕ್ಟರಿ ಕಾಂಪೌಂಡಿನ ಪಕ್ಕ ಉರುಳಿಸಿದ್ದ ಪೈಪುಗಳವು. ಚರಂಡಿ ಬರಲೇ ಇಲ್ಲ, ಪೈಪುಗಳ ಸುತ್ತ ಹುಲ್ಲು ಬೆಳೆಯಿತು. ಒಬ್ಬ ಮನುಷ್ಯ ಕೂರಬಹುದು, ಮಲಗಬಹುದು, ನಿಲ್ಲಲಾಗದು, ಅಷ್ಟು ದಪ್ಪದವು. ಕೊನೆಯದರಲ್ಲಿ ಮುರಿಗೆಪ್ಪನಿದ್ದ. ಈ ದಿನ ಬೆಳಿಗ್ಗೆ ಟೀಗೆ ಬರಲಿಲ್ಲವೆಂದು ಸಿದ್ದಕ್ಕ ಗೋಣಿಯ ಪರದೆ ಸರಿಸಿದಾಗ ಅವನು ಪೈಪಿನ ಬಾಗಿಗೆ ಬೆನ್ನು ಕೊಟ್ಟು ಕೂತೇ ಹೋಗಿಬಿಟ್ಟಿದ್ದ.

ಆಮೇಲೆ ಪೊಲೀಸ್ ಪೇದೆ ಬಂದಿದ್ದ. ಬಗ್ಗಿ ನೋಡಿ, ಮೈಮೇಲೆ ಗಾಯವಿಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದ್ದ: "ಮಣ್ಣು ಮಾಡೋಕೆ ಜಾಗ ತೋರಿಸಿ, ಹೆಸರು ಬರ್ಸಿ, ತಗೊಂಡ್ಹೋಗಿ. ಇಲ್ಲಾಂದ್ರೆ ಮಧ್ಯಾಹ್ನ ವ್ಯಾನ್ ತರಿಸ್ತೀನಿ. ಅನಾಥ ಹೆಣ ಅಂತ ಹೋಗುತ್ತೆ."

ಹತ್ತಿರದಲ್ಲಿದ್ದುದು ಹಳೇ ಊರಿನವರ ಮಸಣ ಒಂದೇ. ಅಲ್ಲಿ ಜಾಗ ಕೊಡಲು ಒಪ್ಪಬೇಕಾದವನು ಊರ ಯಜಮಾನ ದೊಡ್ಡಮುನಿಯಪ್ಪ. ಸಿದ್ದಕ್ಕ ಅವನಿಗೆ ಹೇಳಿಕಳಿಸಿ ಕಾಯುತ್ತಿದ್ದಳು. ಬಿಸಿಲು ಏರುತ್ತಿತ್ತು.

ಮೊದಲ ಪಾಳಿಯ ಚಹಾಕ್ಕೆ ಬಂದವರೆಲ್ಲ ಟೀ ಗಾಡಿಯ ಸುತ್ತ ನಿಂತರು. ಸತ್ತವನಿಗಿಂತ ಅವನ ಪೈಪಿನ ಮೇಲೆಯೇ ಅವರಿಗೆ ಹೆಚ್ಚು ಕುತೂಹಲ.

"ಸಂಬಳ ಬರ್ತಿತ್ತಲ್ವಾ ಗುರು? ಫೌಂಡ್ರೀಲಿ ಕೆಲಸ ಬಿಟ್ಟಿರ್ಲಿಲ್ಲ," ಎಂದ ಒಬ್ಬ.

"ಕುಡೀತಾನೂ ಇರ್ಲಿಲ್ಲ. ಮತ್ತೆ ಪೈಪಲ್ಯಾಕೆ?"

"ಊರಲ್ಲಿ ಯಾರನ್ನೋ ಕಡಿದು ಬಂದು ಅವಿತಿದ್ದ ಕಣೋ."

"ಯಾರು, ಅವ್ನಾ? ಮಗಾ, ಅವನು ಇರುವೆ ಕಂಡ್ರೆ ಪಕ್ಕಕ್ಕೆ ಸರೀತಿದ್ದ."

"ಬಾಡಿಗೆ ಉಳಿಸ್ತಿದ್ದ ಅನ್ಸುತ್ತೆ," ಎಂದ ನಲ್ಲಪ್ಪ.

ಸಿದ್ದಕ್ಕ ಲೋಟ ತೊಳೆಯುತ್ತಿದ್ದಳು. ಅವಳಿಗೆ ಗೊತ್ತಿತ್ತು.

*

ಮೊದಲು ಮುರಿಗೆಪ್ಪ ದೊಡ್ಡಮುನಿಯಪ್ಪನ ವಠಾರದಲ್ಲಿ, ಸಿದ್ದಕ್ಕನ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದ. ರಾಣೆಬೆನ್ನೂರಿನ ಕಡೆಯವನು. ಜೊತೆಗೆ ಹೆಂಡತಿ ಲಕ್ಷ್ಮವ್ವ. ಮಕ್ಕಳಿರಲಿಲ್ಲ.

ಲಕ್ಷ್ಮವ್ವನಿಗೆ ಕಾಮಾಲೆ ತಲೆಗೇರಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗು ಅಂದರು. ಆಟೋ ವಠಾರದ ಗೇಟಿಗೆ ಬಂದಾಗ ದೊಡ್ಡಮುನಿಯಪ್ಪ ಅಡ್ಡ ನಿಂತಿದ್ದ.

"ಉಸಿರೈತಾ?"

ಮುರಿಗೆಪ್ಪ ಹೆಂಡತಿಯ ಮೂಗಿನ ಹತ್ತಿರ ಬೆರಳಿಟ್ಟ. ತೆಗೆಯಲಿಲ್ಲ.

"ಓಗಿದ್ರೆ ಒಳಿಕ್ಕೆ ಬ್ಯಾಡಪ್ಪ," ಎಂದ ದೊಡ್ಡಮುನಿಯಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಬಾಡಿಗೆ ಮನೆಯಾಗೆ ಎಣ ಇಕ್ಕಿದ್ರೆ ಆಮ್ಯಾಕೆ ಯಾರೂ ಬರಾಕಿಲ್ಲ. ಬೀಗ ಹಾಕ್ಕಂಡು ಕೂರಬೇಕು."

ನೀರಿನ ನಲ್ಲಿಯ ಪಕ್ಕ, ಬೀದಿಯಲ್ಲಿ, ಚಾಪೆ ಹಾಸಿ ಮಲಗಿಸಿದರು. ಹನಿ ಬೀಳುತ್ತಿತ್ತು. ಸಿದ್ದಕ್ಕ ಕೊಡೆ ಹಿಡಿದು ನಿಂತಳು. ತಲೆದೆಸೆಗೆ ಇಟ್ಟ ದೀಪ ಮತ್ತೆ ಮತ್ತೆ ಆರಿತು. ಬಿಂದಿಗೆ ಹಿಡಿದು ಬಂದ ಹೆಂಗಸರು ನೀರು ತುಂಬುವುದೋ ಬೇಡವೋ ತಿಳಿಯದೆ ನಿಂತೇ ಇದ್ದರು. ಕಡೆಗೆ ವ್ಯಾನು ಬಂದು ಅವಳನ್ನು ಬೀದಿಯಿಂದಲೇ ಎತ್ತಿಕೊಂಡು ಹೋಯಿತು.

ಆ ವಾರವೇ ಮುರಿಗೆಪ್ಪ ಮನೆಯ ಬೀಗದಕೈ ತಂದು ಯಜಮಾನನ ಜಗಲಿಯ ಮೇಲಿಟ್ಟ.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಯಜಮಾನ್ರ," ಅಂದ. "ಬಾಡಿಗಿ ಮನಿ ಸಾಕಾತು. ಸತ್ತ ಮ್ಯಾಲೂ ಒಂದ್ ತಾಸು ಒಳಗ ಇರಾಕ ಬಿಡೋ ಮನಿ ಬೇಕ್ರಿ ನನಗ."

"ಅಂಥಾ ಮನೆ ಎಲ್ಲೈತಪ್ಪಾ?" ಎಂದು ದೊಡ್ಡಮುನಿಯಪ್ಪ ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವಂತೆ ಕೇಳಿದ್ದ.

"ಹುಡುಕತೀನ್ರಿ."

*

ದೊಡ್ಡಮುನಿಯಪ್ಪ ಕೊಡೆ ಊರಿಕೊಂಡು ಬಂದ. ತಳ್ಳುಗಾಡಿಯ ಮೇಲೆ ಕೂತವನನ್ನು ನೋಡಿ ಒಂದು ಕ್ಷಣ ಅವನನ್ನೇ ಮಾತಾಡಿಸಲು ಹೊರಟವನಂತೆ ಬಾಯಿ ತೆರೆದ.

"ಇವ್ನಾ? ಇಲ್ಲೇ ಇದ್ನಾ ಇಷ್ಟ್ ದಿನ?"

"ಇಲ್ಲೇ. ನಿಮ್ಮ ಮಸಣದಾಗೆ ಒಂದು ಗುಂಡಿಗೆ ಜಾಗ ಕೊಡಿ ಯಜಮಾನ್ರೇ," ಎಂದಳು ಸಿದ್ದಕ್ಕ. "ಇಲ್ದಿದ್ರೆ ವ್ಯಾನ್ನೋರು ಒಯ್ತಾರೆ."

"ನಿಂಗೊತ್ತಿಲ್ವೇನಮ್ಮೀ? ಊರಾಗೆ ಸ್ವಂತ ಮನೆ ಇದ್ದು, ಆ ಮನೆಯಿಂದ ಎದ್ದ ಎಣಕ್ಕೆ ಮಾತ್ರ ಅಲ್ಲಿ ಜಾಗ. ನಮ್ಮಪ್ಪನ ಕಾಲದಿಂದ್ಲೂ ಅಷ್ಟೇ."

"ಹಂಗಾದ್ರೆ ನನ್ನ ಮನೆಗೆ ಒಯ್ದು ಅಲ್ಲಿಂದ ಎತ್ತಾನ."

"ನಿನ್ನ ಮನೆ ಯಾವ್ದು?" ದೊಡ್ಡಮುನಿಯಪ್ಪನಿಗೆ ನಗು ಬಂತು. "ಅದು ನನ್ನ ಮನೆ."

ಸಿದ್ದಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. ಸಿದ್ದರಾಜು, ನಲ್ಲಪ್ಪ, ಚಹಾ ಕುಡಿಯುತ್ತಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಲ್ಲಿದ್ದವರಲ್ಲಿ ಸ್ವಂತ ಬಾಗಿಲಿದ್ದವನು ದೊಡ್ಡಮುನಿಯಪ್ಪ ಒಬ್ಬನೇ.

"ನಾವ್ ಸತ್ರೂ ಇಷ್ಟೇನಾ ಯಜಮಾನ್ರೇ?" ಎಂದ ಸಿದ್ದರಾಜು.

"ನನ್ನ ಮ್ಯಾಗ್ಯಾಕಪ್ಪಾ ಹಾಯ್ತೀಯಾ? ರಾಗಿ ಬೆಳೀತಿದ್ದ ಒಲ ಎಲ್ಲಾ ಫ್ಯಾಕ್ಟ್ರಿಗೆ ಓಯ್ತು. ಈ ಪೈಪ್ ಬಿದ್ದಿರೋದೂ ನಮ್ಮಜ್ಜನ ಒಲದಾಗೆ. ಊರೋರಿಗೆ ಅಂತ ಉಳ್ದಿರೋದು ಆ ಮಣ್ಣೊಂದೇ. ಅದ್ನೂ ಬಿಟ್ಕೊಟ್ರೆ ಪೀಣ್ಯಕ್ಕೆ ಬಂದೋರೆಲ್ಲ ಅಲ್ಲೇ ಬಂದು ಮಲಿಕ್ಕಂತಾರೆ."

ಅವನು ಹೇಳಿದ್ದು ಸುಳ್ಳಲ್ಲ ಎನ್ನುವುದು ಸಿದ್ದಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ತಳ್ಳುಗಾಡಿಯ ಪಕ್ಕದಿಂದ ಕದಲಲಿಲ್ಲ. ಮುರಿಗೆಪ್ಪನಿಗೆ ಅವಳೊಂದು ಮಾತು ಕೊಟ್ಟಿದ್ದಳು.

*

ಹೋದ ವರ್ಷ ಮುಂಗಾರಿಗೆ ಮುಂಚೆ ಆಲಿಕಲ್ಲು ಮಳೆ ಬಂದಿತ್ತು. ಟೀ ಗಾಡಿಯ ಟಾರ್ಪಾಲು ಹಾರಿಹೋಗಿ, ಸಿದ್ದಕ್ಕ ಸೆರಗು ಹೊದ್ದು ಕೊನೆಯ ಪೈಪಿನತ್ತ ಓಡಿದಳು. ಬಗ್ಗಿ ನುಗ್ಗಬೇಕು, ಅಷ್ಟರಲ್ಲಿ ಒಳಗಿಂದ ಮುರಿಗೆಪ್ಪ ಕೈ ಅಡ್ಡ ಹಿಡಿದ.

"ಚಪ್ಪಲಿ ಅಲ್ಲೇ ಬಿಟ್ಟು ಬರ್ರಿ, ಅಕ್ಕಾರ."

"ತಲೆ ಒಡ್ದೋಗೋ ಮಳೇಲಿ ಚಪ್ಪಲಿ ಚಿಂತೆನಾ ನಿಂಗೆ? ಪೈಪು ಕಣಯ್ಯಾ ಇದು!"

"ನಿಮಗ ಪೈಪು."

ಬಯ್ದುಕೊಂಡೇ ಅವಳು ಚಪ್ಪಲಿ ಬಿಟ್ಟಳು. ಒಳಗೆ ಹೋದ ಮೇಲೆ ಬಯ್ಗುಳ ನಿಂತಿತು. ಬಾಗಿನ ಉದ್ದಕ್ಕೂ ಸುಣ್ಣ ಬಳಿದಿತ್ತು. ಗೋಡೆಯ ಬಾಗಿನ ಮೇಲೆ ವಿಭೂತಿಯ ಮೂರು ಗೆರೆ. ತಂತಿಗೆ ಇಳಿಬಿಟ್ಟ ಲಕ್ಷ್ಮವ್ವನ ಬಾಚಣಿಗೆ. ಮೂಲೆಯೇ ಇಲ್ಲದ ಜಾಗದಲ್ಲಿ ಅವನು ಹೇಗೋ ಒಂದು ಮೂಲೆ ಮಾಡಿ ಪೊರಕೆ ನಿಲ್ಲಿಸಿದ್ದ.

ಲೋಟದಲ್ಲಿ ನೀರು ಕೊಟ್ಟ. ಬಂದವರಿಗೆ ಮೊದಲು ನೀರು ಕೊಡಬೇಕಲ್ಲ.

"ಮಳಿ ನಿಲ್ಲೂತನಕ ಕೂಡ್ರಿ," ಅಂದ. ಆಮೇಲೆ, ಹೊರಗೆ ನೋಡುತ್ತ: "ಒಂದ್ ಮಾತು ನಡಸ್ತೀರೇನ್ರಿ? ನಾ ಹೋದ್ರ, ನನ್ನ ಬೀದಿಯಿಂದ ಎತ್ತಬ್ಯಾಡ್ರಿ. ಮನಿಯಿಂದ ಎತ್ರಿ."

"ಆಗ್ಲಿ ಬಿಡು," ಅಂದಿದ್ದಳು, ಮಳೆ ನಿಲ್ಲಲಿ ಅನ್ನುವ ಅವಸರದಲ್ಲಿ.

*

ಈಗ ತಳ್ಳುಗಾಡಿ ನಿಂತಿರುವುದು ಬೀದಿಯ ನಡುವೆ. ಕೂತವನ ಮುಖಕ್ಕೆ ಬಿಸಿಲು ಹೊಡೆಯುತ್ತಿದೆ. ತಾನೇ ಅವನನ್ನು ಆಚೆ ತರಿಸಿದೆ ಎನ್ನುವುದು ಹೊಳೆದಾಗ ಸಿದ್ದಕ್ಕ ಸೆರಗು ಎಳೆದು ಅವನ ಮುಖಕ್ಕೆ ನೆರಳು ಹಿಡಿದಳು.

"ಹೆಂಗಿದ್ದ ಅಂತ ನೋಡೇಬಿಡಾನ," ಎಂದು ದೊಡ್ಡಮುನಿಯಪ್ಪ ಪೈಪಿನ ಕಡೆ ನಡೆದ. ಅವನಿಗೂ ಕುತೂಹಲ ತಡೆಯಲಾಗಿರಲಿಲ್ಲ. ಗೋಣಿಯ ಪರದೆ ಎತ್ತಿದ, ಕೊಡೆ ಹೊರಗೆ ಒರಗಿಸಿದ, ಬಗ್ಗಿ ಒಳಗೆ ಹೋದ.

ಹೊರಗೆ ಬಂದಾಗ ಅವನ ಭುಜಕ್ಕೆ ಸುಣ್ಣ ಹತ್ತಿತ್ತು. ಸಿದ್ದಕ್ಕ ಸುಣ್ಣ ನೋಡಲಿಲ್ಲ. ಅವಳು ನೋಡಿದ್ದು ನೆಲವನ್ನು. ಮುರಿಗೆಪ್ಪನ ಸವೆದ ರಬ್ಬರ್ ಚಪ್ಪಲಿಗಳ ಪಕ್ಕದಲ್ಲಿ ದೊಡ್ಡಮುನಿಯಪ್ಪನ ತೊಗಲಿನ ಚಪ್ಪಲಿಗಳಿದ್ದವು.

"ಯಜಮಾನ್ರೇ, ಹೆಣ ಗಾಡಿ ಮ್ಯಾಗೈತೆ," ಎಂದಳು ಸಿದ್ದಕ್ಕ. "ಒಳಗೆ ಯಾರವ್ರೆ ಅಂತ ಚಪ್ಪಲಿ ಬಿಟ್ರಿ?"

ದೊಡ್ಡಮುನಿಯಪ್ಪ ತನ್ನ ಬರಿಗಾಲು ನೋಡಿಕೊಂಡ. "ರೂಢಿ," ಎಂದ.

"ಚರಂಡಿ ಪೈಪಿಗೆ ಚಪ್ಪಲಿ ಬಿಡೋದು ಯಾವೂರ ರೂಢಿ?"

ನಲ್ಲಪ್ಪ ಕಿಸಕ್ಕನೆ ನಕ್ಕ. ಈ ಸಲ ಇನ್ನಿಬ್ಬರು ನಕ್ಕರು. ದೊಡ್ಡಮುನಿಯಪ್ಪ ಚಪ್ಪಲಿಗೆ ಕಾಲು ತೂರಿಸಹೋಗಿ ಅರ್ಧಕ್ಕೇ ನಿಲ್ಲಿಸಿದ.

"ಅವ್ನು ಯಾರ್ಗೂ ಬಾಡಿಗೆ ಕೊಡ್ತಿರ್ಲಿಲ್ಲ," ಎಂದಳು ಸಿದ್ದಕ್ಕ. "ಯಾರೂ ಬಿಡು ಅಂತ ಕೇಳಾಕೂ ಬರ್ಲಿಲ್ಲ. ಸುಣ್ಣ ಬಳ್ದವ್ನೆ, ಗುಡಿಸವ್ನೆ, ಬಂದೋರಿಗೆ ನೀರು ಕೊಟ್ಟವ್ನೆ. ಸ್ವಂತದ್ದು ಅಂದ್ರೆ ಇನ್ನೇನಪ್ಪಾ? ನೀವೇ ಹೇಳಿ."

ದೊಡ್ಡಮುನಿಯಪ್ಪ ಪೈಪಿನ ಬಾಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಕಡೆಗೆ ಸೋತವನಂತಲ್ಲ, ಲೆಕ್ಕ ತಪ್ಪಿದ್ದನ್ನು ಹುಡುಕುವವನಂತೆ ಹೇಳಿದ: "ಹೊಸ್ಲಿಲ್ವಲ್ಲಮ್ಮಿ. ಹೊಸ್ಲು ದಾಟ್ದೆ ಎಣ ಎಂಗೆ ಎದ್ದಂಗಾಯ್ತು?"

ಸಿದ್ದರಾಜು ಆಗಲೇ ಓಡಿದ್ದ. ಮೆಷಿನ್ನು ಬಂದಿಳಿದ ಪೆಟ್ಟಿಗೆಯೊಂದು ಫ್ಯಾಕ್ಟರಿಯ ಗೇಟಿನ ಬಳಿ ಒಡೆದು ಬಿದ್ದಿತ್ತು. ಅದರ ಹಲಗೆಯೊಂದನ್ನು ತಂದು ಪೈಪಿನ ಬಾಯಿಗೆ ಅಡ್ಡ ಇಟ್ಟ. ಹಲಗೆಯ ಮೇಲೆ ಯಾವುದೋ ದೇಶದ ಅಕ್ಷರ, ಒಂದು ಕೊಡೆಯ ಚಿತ್ರ. ಸಿದ್ದಕ್ಕ ಗಾಡಿಯ ಡಬ್ಬಿಯಿಂದ ಅರಿಶಿನ ತೆಗೆದು ನೀರಲ್ಲಿ ಕಲಸಿ ಬಳಿದಳು. ಅಕ್ಷರ ಮುಚ್ಚಿಹೋಯಿತು, ಕೊಡೆ ಮಾತ್ರ ಮಸುಕಾಗಿ ಉಳಿಯಿತು.

"ಇನ್ನೊಂಚೂರು ಒಳಿಕ್ಕೆ ತಳ್ಳು," ಎಂದ ದೊಡ್ಡಮುನಿಯಪ್ಪ. "ಅಲ್ಲಿದ್ರೆ ಎತ್ತೋರು ಎಡವ್ತಾರೆ."

ಹಮಾಲರಿಬ್ಬರೂ ಮುರಿಗೆಪ್ಪನನ್ನು ಗಾಡಿಯಿಂದ ಎತ್ತಿ ಪೈಪಿನೊಳಗೆ ಒಯ್ಯುತ್ತಿದ್ದಾಗ ಪೇದೆ ಸೈಕಲ್ಲಿನಿಂದ ಇಳಿದ.

"ಏಯ್, ಏನ್ರೀ ಇದು? ಆಚೆ ತೆಗೆದೋನ್ನ ಮತ್ತೆ ಒಳಗೆ ಹಾಕ್ತಿದೀರ?"

"ಮನೆಯಿಂದ ಎತ್ತಬೇಕು ಸಾರ್," ಎಂದ ನಲ್ಲಪ್ಪ ಏದುಸಿರಿನಲ್ಲಿ.

"ಯಾವ ಮನೆ?"

ಸಿದ್ದಕ್ಕ ಬಾಯಿ ತೆರೆಯುವ ಮೊದಲೇ ದೊಡ್ಡಮುನಿಯಪ್ಪ ಕೊಡೆಯ ತುದಿಯಿಂದ ತೋರಿಸಿದ. "ಇದೇ. ಜಾಗ ನಮ್ಮೂರ ಮಸಣದಾಗೆ. ನನ್ನೆಸ್ರು ಬರ್ಕಳಿ."

ಒಳಗೆ ಅವನನ್ನು ಮೊದಲಿದ್ದಂತೆಯೇ, ಬಾಗಿಗೆ ಬೆನ್ನು ಕೊಟ್ಟು ಕೂರಿಸಿದರು. ಸಿದ್ದಕ್ಕ ಹಣೆಗೆ ವಿಭೂತಿ ಹಚ್ಚಿದಳು. ಒಂದಿಷ್ಟು ಹೊತ್ತು ಬಿಟ್ಟರು. ಎಷ್ಟು ಹೊತ್ತು ಬಿಡಬೇಕೆಂದು ಯಾರೂ ಕೇಳಲಿಲ್ಲ. ಆಮೇಲೆ ಎತ್ತಿದರು. ಹಲಗೆ ದಾಟುವಾಗ ಸಿದ್ದರಾಜು, "ಹೊಸ್ಲು, ಹೊಸ್ಲು, ನೋಡ್ಕೊಂಡು ಮಚ್ಚಾ," ಎಂದ.

ಮಸಣದಲ್ಲಿ ಗುಂಡಿ ತೋಡುವವನು ಮಲಗಿಸುವ ಅಳತೆಗೆ ಗೆರೆ ಎಳೆದಿದ್ದ. ಅದನ್ನು ಅಳಿಸಿ ಚೌಕ ಮಾಡಿಸಬೇಕಾಯಿತು. ಅದರ ಹೊರತು ಎಲ್ಲ ಬೇಗ ಮುಗಿಯಿತು. ಎರಡನೇ ಪಾಳಿಯ ಸೈರನ್ನಿಗೆ ಮೊದಲೇ ಜನ ಹಿಂತಿರುಗಿದರು. ಮಣ್ಣಿಗೆ ಹೋಗಿ ಬಂದವರು ಸತ್ತವನ ಮನೆಯ ದೀಪ ನೋಡಿಯೇ ತಮ್ಮ ಮನೆಗೆ ಹೋಗಬೇಕು. ಸಿದ್ದಕ್ಕ ಬಾಚಣಿಗೆ ತೂಗುತ್ತಿದ್ದ ಕಡೆ, ಗಾಳಿ ತಾಗದಂತೆ ಇಟ್ಟಿಗೆಯ ಮರೆಯಲ್ಲಿ ದೀಪ ಹಚ್ಚಿದ್ದಳು. ಒಬ್ಬೊಬ್ಬರೂ ಚಪ್ಪಲಿ ಬಿಟ್ಟು, ಹಲಗೆ ದಾಟಿ, ಬಗ್ಗಿ ನೋಡಿ ಹೋದರು. ದೊಡ್ಡಮುನಿಯಪ್ಪ ಕೊನೆಗೆ ನೋಡಿದ.

ಕತ್ತಲು ಕವಿಯುವ ಹೊತ್ತಿಗೆ ಸಿದ್ದಕ್ಕ ಸ್ಟವ್ ಆರಿಸಿ ಪಾತ್ರೆ ಕಟ್ಟುತ್ತಿದ್ದಳು. ರಸ್ತೆಯ ಆ ತುದಿಯಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದರು. ತಲೆಯ ಮೇಲೆ ಗಂಟು, ಹೆಂಗಸಿನ ಕಂಕುಳಲ್ಲಿ ಮಗು. ಅವರು ಪೈಪುಗಳನ್ನು ಒಂದೊಂದಾಗಿ ನೋಡುತ್ತ ಬರುತ್ತಿದ್ದರು. ಮೊದಲನೆಯದರಲ್ಲಿ ನೀರಿತ್ತು. ಆಮೇಲಿನದರಲ್ಲಿ ನಾಯಿ ಮಲಗಿತ್ತು. ಗಂಡಸು ಚಪ್ಪಲಿಗಾಲಿನಲ್ಲೇ ಒಳಕ್ಕೆ ಒದ್ದು ಅದನ್ನು ಓಡಿಸಿದ, ವಾಸನೆಗೆ ಮೂಗು ಮುಚ್ಚಿ ಹಿಂದೆ ಸರಿದ.

ಕೊನೆಯ ಪೈಪಿನ ಹತ್ತಿರ ಬಂದು ಪರದೆಯ ಕಡೆ ಕೈ ಚಾಚಿದವನು ಅರಿಶಿನದ ಹಲಗೆ ಕಂಡು ಕೈ ಹಿಂತೆಗೆದ. ಗೋಣಿಯ ಸಂದಿನಿಂದ ದೀಪದ ಬೆಳಕು ಬರುತ್ತಿತ್ತು. ಹೆಂಗಸು ಸೆರಗು ಸರಿಮಾಡಿಕೊಂಡಳು.

ಅವನು ಗಂಟು ಕೆಳಗಿಳಿಸಿದ. ಹಲಗೆಯ ಈಚೆಗೇ ನಿಂತು, ಒಳಗಿನವರಿಗೆ ಕೇಳುವಂತೆ ಒಮ್ಮೆ ಕೆಮ್ಮಿದ.