ಹಾರ ಹಾಕಿದ ಫೋಟೋ

ನಾನು ಒಂದು ಭೂತಗನ್ನಡಿ. ಹುಟ್ಟಿದ್ದು ಅಂಬಾಲದ ಒಂದು ಸಣ್ಣ ಕಾರ್ಖಾನೆಯಲ್ಲಿ. ಕುಲುಮೆಯಿಂದ ಬಂದ ಗಾಜಿನ ಬಿಲ್ಲೆಯನ್ನು ನುಣುಪು ಪುಡಿಯಲ್ಲಿ ಉಜ್ಜಿ ಉಜ್ಜಿ, ನಡುವೆ ಉಬ್ಬಾಗಿ ಅಂಚಿನಲ್ಲಿ ತೆಳುವಾಗುವಂತೆ ಮಾಡಿದರು. ಆಮೇಲೆ ಹಿತ್ತಾಳೆಯ ಬಳೆ ತೊಡಿಸಿ ಮರದ ಹಿಡಿ ಹಾಕಿದರು. ನನ್ನ ಪಕ್ಕದಲ್ಲೇ ತಯಾರಾಗುತ್ತಿದ್ದ ಇನ್ನೊಂದು ಗಾಜು ಕೆಲಸಗಾರನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಆ ಸದ್ದು ನನ್ನ ಮೊದಲ ನೆನಪು. ಹಾಗಾಗಿ ನಾನು ಹೆದರಿಕೊಂಡೇ ಹುಟ್ಟಿದೆ ಎನ್ನಬಹುದು.

ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ ತುಮಕೂರಿನ ಒಂದು ಕಾಲೇಜಿಗೆ ಬಂದೆ. ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ನನ್ನ ವಾಸ. ದಾಸವಾಳದ ಕೇಸರ, ತುಂಬೆಯ ತುಟಿ, ಹುಲ್ಲಿನ ಹೂವಿನೊಳಗಿನ ಪುಟ್ಟ ಗರಿ, ಇವನ್ನೆಲ್ಲ ಹುಡುಗಿಯರಿಗೆ ತೋರಿಸುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಯಾರೋ ನನ್ನನ್ನು ಕಿಟಕಿಯಲ್ಲಿ, ಒಣಗಿದ ಎಲೆಯ ಮೇಲೆ ಹಿಡಿದರು. ಬಿಸಿಲು ನನ್ನೊಳಗಿಂದ ಇಳಿದು ಒಂದು ಚುಕ್ಕಿಯಾಯಿತು. ಚುಕ್ಕಿ ಕಪ್ಪಾಯಿತು, ಹೊಗೆ ಬಂತು. ನಾನು ಕಿರುಚುವ ಹಾಗಿದ್ದರೆ ಕಿರುಚುತ್ತಿದ್ದೆ. ಒಡೆಯುವ ಭಯದ ಜೊತೆಗೆ ಸುಡುವ ಭಯವೂ ಅಂದಿನಿಂದ ಸೇರಿಕೊಂಡಿತು.

ಪಾಠ ಹೇಳುತ್ತಿದ್ದ ನಾಗವೇಣಿ ಮೇಡಂ ಅದನ್ನು ನೋಡಿ ನನಗೊಂದು ದಪ್ಪ ಬಟ್ಟೆಯ ಚೀಲ ಹೊಲಿದರು. ಪ್ರಯೋಗಾಲಯಕ್ಕೆ ಹೊಸ ಉಪಕರಣಗಳು ಬಂದಾಗ ಹಳೆಯವನ್ನೆಲ್ಲ ತೆಗೆದುಹಾಕಿದರು. ಮೇಡಂ ಅನುಮತಿ ಕೇಳಿ, ನನ್ನನ್ನು ಚೀಲದ ಸಮೇತ ತಮ್ಮ ವಿದ್ಯಾರ್ಥಿನಿ ಶಶಿರೇಖಾಳ ಕೈಗಿಟ್ಟರು. "ನೀನು ಎರಡು ಸಲ ನೋಡದೆ ಒಂದು ಗೆರೆಯನ್ನೂ ಎಳೆಯೋಳಲ್ಲ. ಇದು ನಿನ್ನ ಹತ್ತಿರ ಇರಲಿ" ಎಂದರು.

ಶಶಿರೇಖಾ ಮದುವೆಯಾಗಿ ಅದೇ ಊರಿನ ಹೊಸ ಬಡಾವಣೆಗೆ ಬಂದಳು. ಮಗಳು ಪಲ್ಲವಿ ಹುಟ್ಟಿದಳು. ಮಗಳ ಪಾದದಲ್ಲಿ ಮುರಿದ ಮುಳ್ಳನ್ನು, ಔಷಧಿ ಬಾಟಲಿಯ ಸಣ್ಣ ಅಕ್ಷರಗಳನ್ನು, ಅಕ್ಕಿಯೊಳಗಿನ ಹುಳುವನ್ನು ನಾನು ಅವಳಿಗೆ ತೋರಿಸಿದೆ. ಬಡಾವಣೆಯವರು 'ಅಂಗಳ' ಎಂಬ ಎಂಟು ಪುಟದ ಮಾಸಪತ್ರಿಕೆ ಆರಂಭಿಸಿ ಅವಳನ್ನೇ ಸಂಪಾದಕಿ ಮಾಡಿದಾಗ, ನನಗೆ ಮತ್ತೆ ಓದಿನ ಕೆಲಸ ಸಿಕ್ಕಿತು.

ಅಡುಗೆಮನೆಯ ಪಕ್ಕದ ಮೇಜೇ ಅವಳ ಕಚೇರಿ. ಕುಕ್ಕರ್ ಕೂಗುವುದಕ್ಕೆ ಕಾಯುತ್ತಲೇ ಕರಡು ತಿದ್ದುತ್ತಿದ್ದಳು. ಅವಳ ಉಸಿರು ನನ್ನ ಮೇಲೆ ಮಂಜಾಗಿ ಕೂರುತ್ತಿತ್ತು. ಹತ್ತಿರದಿಂದ ನೋಡಿದ್ದರಿಂದ ಹೇಳುತ್ತೇನೆ, ಅವಳೂ ನನ್ನಷ್ಟೇ ಪುಕ್ಕಲು. ಮಾವಿನಮಿಡಿ ಉಪ್ಪಿನಕಾಯಿಯಲ್ಲಿ ಉಪ್ಪಿನ ಅಳತೆ ತಪ್ಪಿ ಯಾರ ಮನೆಯ ಜಾಡಿಯಾದರೂ ಬೂಸ್ಟು ಹಿಡಿದರೆ? ಪಾಸಾದ ಮಕ್ಕಳ ಸಾಲಿನಲ್ಲಿ ಒಂದು ಮಗುವಿನ ಹೆಸರು ಬಿಟ್ಟುಹೋಗಿ ಅದು ಅತ್ತರೆ?

"ಅಮ್ಮಾ, ನಿನ್ನ ಪತ್ರಿಕೇಲಿರೋದೆಲ್ಲ ಎಲ್ರಿಗೂ ಮೊದಲೇ ಗೊತ್ತಿರತ್ತೆ. ಯಾಕಿಷ್ಟು ಒದ್ದಾಡ್ತೀಯ?" ಎಂದು ಪಲ್ಲವಿ ಕಿಚಾಯಿಸುತ್ತಿದ್ದಳು.

"ಗೊತ್ತಿರೋದನ್ನ ತಪ್ಪು ಬರೆದ್ರೆ ಯಾರೂ ಕ್ಷಮಿಸಲ್ಲ ಕಣೇ" ಎನ್ನುತ್ತಿದ್ದಳು ತಾಯಿ.

ಬಡಾವಣೆಯ ಸುದ್ದಿಯೆಲ್ಲ ಬರುತ್ತಿದ್ದುದು ನಂಜುಂಡಯ್ಯನವರ ಹಿಟ್ಟಿನ ಗಿರಣಿಯಿಂದ. ರಾಗಿ ಬೀಸಿಸಲು ಬಂದವರು ತಮ್ಮ ಮನೆಯ ನಾಮಕರಣ, ಮದುವೆ, ಸಾವಿನ ಚೀಟಿಗಳನ್ನು ಅಲ್ಲೇ ಕೊಟ್ಟು ಹೋಗುತ್ತಿದ್ದರು. ಅವು ಶಶಿರೇಖಾಳ ಹಿಟ್ಟಿನ ಡಬ್ಬದ ಮುಚ್ಚಳಕ್ಕೆ ಸಿಕ್ಕಿಸಿಕೊಂಡು ಮನೆಗೆ ಬರುತ್ತಿದ್ದವು. ಶ್ರದ್ಧಾಂಜಲಿಯ ವಿಷಯದಲ್ಲಿ ಮಾತ್ರ ಅವಳಿಗೊಂದು ನಿಯಮವಿತ್ತು. ತಾನೇ ಆ ಮನೆಗೆ ಹೋಗಿ, ಮನೆಯವರನ್ನು ಮಾತಾಡಿಸಿ ಬಂದ ಮೇಲೆಯೇ ಬರೆಯುವುದು.

ಒಂದು ತಿಂಗಳು ಆ ನಿಯಮ ಮುರಿಯಿತು.

ಪಲ್ಲವಿಗೆ ಡೆಂಗಿ ಜ್ವರ. ಶಶಿರೇಖಾ ಒಂದು ಕೈಯಲ್ಲಿ ಮಗಳ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಾ ಇನ್ನೊಂದರಲ್ಲಿ ಪುಟ ಸರಿಮಾಡುತ್ತಿದ್ದಳು. ರಕ್ತಪರೀಕ್ಷೆಯ ವರದಿಯ ಮೇಲೆ ನನ್ನನ್ನು ಹಿಡಿದು ಒಂದೇ ಅಂಕಿಯನ್ನು ಮತ್ತೆ ಮತ್ತೆ ಓದಿದಳು. ಆ ವಾರವೇ ಹಿಟ್ಟಿನ ಡಬ್ಬದ ಜೊತೆ ಒಂದು ಫೋಟೋ ಬಂತು. ಹಣೆಗೆ ವಿಭೂತಿ, ಕುಂಕುಮ, ದಪ್ಪ ಸೇವಂತಿಗೆ ಹಾರ, ನಗದ ಮುಖದ ಒಬ್ಬ ಹಿರಿಯರು. ಹಿಂದೆ 'ಗಂಗಹನುಮಯ್ಯ, ನಾಲ್ಕನೇ ಅಡ್ಡರಸ್ತೆ' ಎಂದು ಬರೆದು ಒಂದು ತಾರೀಖು ಹಾಕಿತ್ತು. ಅಷ್ಟೇ. ಹಾರ, ಹೆಸರು, ತಾರೀಖು. ಅವಳು ನಿಟ್ಟುಸಿರು ಬಿಟ್ಟು ಅದನ್ನು ಶ್ರದ್ಧಾಂಜಲಿಯ ಪುಟಕ್ಕೆ ಸೇರಿಸಿದಳು. ಮಗಳು ನೀರು ಕೇಳಿದಳು. ನಾನು ಚೀಲದಲ್ಲೇ ಇದ್ದೆ.

ಪಲ್ಲವಿಯ ಜ್ವರ ಇಳಿದ ದಿನವೇ ಪತ್ರಿಕೆ ಅಚ್ಚಾಗಿ ಬಂತು. ಬೆಳಿಗ್ಗೆ ಮಹಿಳಾ ಸಂಘದವರು ಮನೆಮನೆಗೆ ಹಂಚಿದರು. ಮಧ್ಯಾಹ್ನ ಶಶಿರೇಖಾ ಕೊನೆಗೂ ಕುಳಿತು ನನ್ನನ್ನು ಹೊರತೆಗೆದು ಮೊದಲಿಂದ ಓದತೊಡಗಿದಳು. ಗಂಗಹನುಮಯ್ಯನವರ ಫೋಟೋದ ಮೇಲೆ ನಾನು ನಿಂತೆ. ಅವಳು ನನ್ನನ್ನು ಇನ್ನಷ್ಟು ಹತ್ತಿರಕ್ಕೆ ತಂದಳು.

ಹಾರ ಕೊರಳ ಹಿಂದಕ್ಕೆ ಹೋಗಿತ್ತು. ಅದರ ನೆರಳು ಅಂಗಿಯ ಗುಂಡಿಯ ಮೇಲೆ ಬಿದ್ದಿತ್ತು. ಸತ್ತವರ ಫೋಟೋಗೆ ಹಾಕುವ ಹಾರ ಚೌಕಟ್ಟಿನ ಮೇಲಿರುತ್ತದೆ, ಗಾಜಿನ ಹೊಳಪು ಕಾಣುತ್ತದೆ. ಇಲ್ಲಿ ಗಾಜೂ ಇರಲಿಲ್ಲ, ಚೌಕಟ್ಟೂ ಇರಲಿಲ್ಲ. ಹಾರ ಜೀವಂತ ಕೊರಳಿನಲ್ಲಿತ್ತು.

ಅವಳು ಗಿರಣಿಗೆ ಫೋನ್ ಮಾಡಿದಳು. ಆ ಕಡೆ ಯಂತ್ರದ ಸದ್ದಿನ ನಡುವೆ ನಂಜುಂಡಯ್ಯ ಕೂಗಿದರು. "ಸತ್ತೋದ್ರಾ? ಯಾರಮ್ಮ ಹೇಳಿದ್ದು? ಕಾಶಿಗೆ ಹೋಗಿದ್ದಾರೆ! ಬೀದಿಯೋರೆಲ್ಲ ಹಾರ ಹಾಕಿ ಬಸ್ಸು ಹತ್ತಿಸಿದ್ವಲ್ಲ, ಆ ಫೋಟೋ ಅದು. ಹೊರಟ ತಾರೀಖು ನಾನೇ ಬರೆದೆ... ಅಯ್ಯಯ್ಯೋ, ಅವರ ಹೆಂಡ್ತಿ ಹೊನ್ನಮ್ಮ ಒಬ್ರೇ ಇದ್ದಾರೆ ಮನೇಲಿ. ಹೋದ ವರ್ಷ ಹಾರ್ಟ್ ಆಪರೇಷನ್ ಆಗಿದೆ ಅವರಿಗೆ. ಯಜಮಾನ್ರ ಫೋನ್ ಬೇರೆ ನಿನ್ನೆಯಿಂದ ಸಿಗ್ತಿಲ್ವಂತೆ!"

ಶಶಿರೇಖಾ ಮಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಓಡಿದಳು. ಕೈಯಲ್ಲಿ ನಾನಿದ್ದೇನೆಂಬುದು ಅವಳಿಗೇ ತಿಳಿದಿರಲಿಲ್ಲ. ಚೀಲವಿಲ್ಲದೆ, ಬಿಸಿಲಿನಲ್ಲಿ, ಜಲ್ಲಿ ರಸ್ತೆಯ ಮೇಲೆ ನಾನು ತೂಗಾಡಿದೆ. ಬಿದ್ದರೆ ಚೂರು. ಆದರೆ ಮೊದಲ ಸಲ ನನ್ನ ಭಯ ನನ್ನ ಬಗ್ಗೆ ಇರಲಿಲ್ಲ. ಬಾಗಿಲ ಮುಂದೆ ಜನ ಸೇರಿದ್ದರೆ? ಒಳಗಿಂದ ಅಳು ಕೇಳಿಸಿದರೆ?

ಹೊನ್ನಮ್ಮ ಜಗಲಿಯ ಮೇಲೆ ಒಬ್ಬರೇ ಕುಳಿತಿದ್ದರು. ತೊಡೆಯ ಮೇಲೆ 'ಅಂಗಳ', ಅದೇ ಪುಟ ತೆರೆದಿತ್ತು. ಅವರು ನಗುತ್ತಿದ್ದರು.

"ಬಾ ತಾಯಿ, ಬಾ. ನಮ್ಮೋರ ಪಟ ಹಾಕಿದ್ದೀಯಲ್ಲ! ಸೇವಂತಿಗೆ ಹಾರ ನಾನೇ ಕಟ್ಟಿದ್ದು ಕಣಮ್ಮ. ಮುಖ ಏನೋ ಗುರುತಾಯ್ತು, ಅಕ್ಷರ ಒಂದೂ ಕಾಣಲ್ಲ. ಕನ್ನಡಕ ಎಲ್ಲಿ ಹೋಯ್ತೋ, ಅವರು ಹೊರಟ ದಿನದಿಂದ ಹುಡುಕ್ತಿದ್ದೀನಿ. ಏನು ಬರೆದಿದ್ದೀಯ, ಓದು."

ಶಶಿರೇಖಾ ಪತ್ರಿಕೆಗೆ ಕೈ ಚಾಚಿದಳು. ಹೊನ್ನಮ್ಮನ ಕಣ್ಣು ನನ್ನ ಮೇಲೆ ಬಿತ್ತು.

"ಓಹೋ, ಗಾಜು ತಂದಿದ್ದೀಯ. ಕೊಡಿಲ್ಲಿ, ನಾನೇ ಓದ್ತೀನಿ."

ಅವರು ನನ್ನನ್ನು ತೆಗೆದುಕೊಂಡೇ ಬಿಟ್ಟರು. ನಾನು ಗಂಡನ ಮುಖದ ಮೇಲೆ ಬಂದೆ. ಅವರು ಆ ಹಣೆ, ಆ ಮೀಸೆಯನ್ನು ನಿಧಾನವಾಗಿ ನೋಡಿದರು. ಆಮೇಲೆ ನನ್ನನ್ನು ಕೆಳಕ್ಕೆ, ಅಕ್ಷರಗಳ ಕಡೆಗೆ ಎಳೆದರು. ಸಣ್ಣದನ್ನು ದೊಡ್ಡದು ಮಾಡಿ ತೋರಿಸುವುದೇ ನನ್ನ ಬಾಳು. ಆ ಕ್ಷಣ ನಾನು ಮಂಕಾಗಬಾರದೇ, ಬಿರುಕು ಬಿಡಬಾರದೇ ಎಂದು ಬೇಡಿಕೊಂಡೆ. ಆದರೆ ಗಾಜು ಗಾಜೇ. 'ಶ್ರ' ಎಂಬ ಅಕ್ಷರ ನನ್ನೊಳಗೆ ಉಬ್ಬತೊಡಗಿತು.

ಶಶಿರೇಖಾ ಹೊನ್ನಮ್ಮನ ಮಣಿಕಟ್ಟು ಹಿಡಿದುಕೊಂಡಳು. "ಅಮ್ಮಾ, ಮೊದಲು ನನ್ನ ಮಾತು ಕೇಳಿ. ಯಜಮಾನ್ರು ಚೆನ್ನಾಗಿದ್ದಾರೆ. ತಪ್ಪು ನಂದು. ಹಾರ ನೋಡಿ ನಾನು ಬೇರೆ ಏನೋ ಅಂದ್ಕೊಂಡು, ಹೋಗಿಬಿಟ್ರು ಅಂತ ಬರೆದುಬಿಟ್ಟಿದ್ದೀನಿ. ವಿಚಾರಿಸೋಕೆ ಬರಲಿಲ್ಲ. ಮಗಳಿಗೆ ಹುಷಾರಿರಲಿಲ್ಲ."

ಹೊನ್ನಮ್ಮನ ನಗು ಹಾಗೆಯೇ ಮುಖದಲ್ಲಿ ಉಳಿದುಕೊಂಡಿತ್ತು, ಕಣ್ಣು ಮಾತ್ರ ಬದಲಾಯಿತು. "ನಿಜ ಹೇಳು ಮಗಳೇ. ನಿನ್ನೆಯಿಂದ ಫೋನಿಲ್ಲ. ನಿಮಗೇನಾದ್ರೂ ಸುದ್ದಿ ಬಂದು, ನನ್ನ ಹತ್ರ ಮುಚ್ಚಿಡ್ತಿದ್ದೀರಾ?"

ನಿಜ ಹೇಳಿದ್ದಳು. ಆದರೆ ಅಚ್ಚಾದ ಸುಳ್ಳಿನ ಮುಂದೆ ಬಾಯಿಂದ ಬಂದ ನಿಜಕ್ಕೆ ಬಲವಿರಲಿಲ್ಲ. ಶಶಿರೇಖಾ ನನ್ನನ್ನು ಫೋಟೋದ ಮೇಲೆ ಹಿಡಿದು ಹಾರದ ನೆರಳು ತೋರಿಸಿದಳು. ನಂಜುಂಡಯ್ಯನವರಿಗೆ ಫೋನ್ ಮಾಡಿ ಅವರಿಂದಲೂ ಹೇಳಿಸಿದಳು. ಹೊನ್ನಮ್ಮ ಎಲ್ಲಕ್ಕೂ ತಲೆಯಾಡಿಸಿದರು, ಎದೆಯ ಮೇಲಿಂದ ಕೈ ಮಾತ್ರ ತೆಗೆಯಲಿಲ್ಲ. ಮಾತ್ರೆ ನುಂಗಿಸಿ ಶಶಿರೇಖಾ ಅಲ್ಲೇ ಕುಳಿತಳು. ಗಂಗಹನುಮಯ್ಯನವರ ನಂಬರಿಗೆ ಮತ್ತೆ ಮತ್ತೆ ಪ್ರಯತ್ನಿಸಿದಳು. ಬಿಸಿಲು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಗೇಟಿಗೆ ಸರಿಯಿತು. ನಾನು ಹೊನ್ನಮ್ಮನ ಮಡಿಲಲ್ಲಿ ಅವರ ಎದೆಬಡಿತ ಕೇಳುತ್ತಾ ಬಿದ್ದಿದ್ದೆ.

ಫೋನ್ ಬಡಿದುಕೊಂಡಿತು. ಹೊನ್ನಮ್ಮ ಧಡಕ್ಕನೆ ಎದ್ದರು. ನಾನು ಕಲ್ಲಿನ ಮೆಟ್ಟಿಲಿಗೆ ಬಿದ್ದೆ. ಜೀವಮಾನವಿಡೀ ಹೆದರಿದ ಆ ಸದ್ದು ನನ್ನಿಂದಲೇ ಬಂತು. ಅದರ ಹಿಂದೆಯೇ ಫೋನಿನಿಂದ ಒಂದು ಗಡಸು ದನಿ.

"ಏ ಇವಳೇ, ನಿನ್ನ ಕನ್ನಡಕ ನನ್ನ ಬ್ಯಾಗಲ್ಲಿದೆ ಕಣೇ! ಫೋನಲ್ಲಿ ಚಾರ್ಜೇ ಇರ್ಲಿಲ್ಲ. ಎಲ್ಲಾ ಕಡೆ ಹುಡುಕಿ ಸುಸ್ತಾದ್ಯೇನೇ?"

"ಹುಡುಕ್ದೆ" ಎಂದರು ಹೊನ್ನಮ್ಮ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅವರಿಗಿಂತ ಜೋರಾಗಿ ಶಶಿರೇಖಾ ಅತ್ತಳು.

ಮರುದಿನ ಅವಳು ಪ್ರತಿ ಮನೆಯ ಬಾಗಿಲಿಗೂ ಹೋಗಿ ತಪ್ಪೊಪ್ಪಿಕೊಂಡು ಆ ಸಂಚಿಕೆ ವಾಪಸು ತಂದಳು. ನಾನು ಸಾಯಲಿಲ್ಲ. ಅಂಚಿನಲ್ಲಿ ಒಂದು ಚಕ್ಕೆ ಹಾರಿತ್ತು, ಅಷ್ಟೇ. ಒಮ್ಮೆ ಬಿದ್ದು ಉಳಿದ ಮೇಲೆ ಬೀಳುವ ಭಯ ನನ್ನಲ್ಲಿ ಕಡಿಮೆಯಾಯಿತು. ಶಶಿರೇಖಾಳದು ಕಡಿಮೆಯಾಗಲಿಲ್ಲ, ಆಗುವುದೂ ಬೇಡ ಅನ್ನಿಸುತ್ತದೆ.

ಈಗ ನಾನು ಮುದಿ. 'ಅಂಗಳ' ಮೊಬೈಲಿನಲ್ಲಿ ಬರುತ್ತದೆ. ಅಕ್ಷರ ದೊಡ್ಡದಾಗಲು ಎರಡು ಬೆರಳು ಸಾಕು. ಮೇಜಿನ ಕೆಳಗಿನ ಖಾನೆಯಲ್ಲಿ, ನಾಗವೇಣಿ ಮೇಡಂ ಹೊಲಿದ ಚೀಲದಲ್ಲಿ, ಬಿಸಿಲು ಬಾರದ ಮೂಲೆಯಲ್ಲಿ ಮಲಗಿರುತ್ತೇನೆ.

ಹೋದ ಚಳಿಗಾಲದಲ್ಲಿ ಒಮ್ಮೆ ಖಾನೆ ತೆರೆಯಿತು. ಶಶಿರೇಖಾ ನನ್ನನ್ನು ತೆಗೆದುಕೊಂಡು ನಾಲ್ಕನೇ ಅಡ್ಡರಸ್ತೆಗೆ ನಡೆದಳು. ಈ ಸಲ ಓಡಲಿಲ್ಲ. ಹೊನ್ನಮ್ಮ ನಡುಮನೆಯ ಗೋಡೆಯ ಕಡೆ ಕೈ ತೋರಿದರು. ಅದೇ ಫೋಟೋ, ದೊಡ್ಡದಾಗಿತ್ತು. ಒಂದು ಹಾರ ಕೊರಳಿನಲ್ಲಿ, ಅದರ ನೆರಳು ಗುಂಡಿಯ ಮೇಲೆ. ಇನ್ನೊಂದು ಹಾರ ಗಾಜಿನ ಹೊರಗೆ, ಚೌಕಟ್ಟಿನ ಮೇಲೆ.

ಶಶಿರೇಖಾ ನನ್ನನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು.

"ಸರಿಯಾಗಿ ನೋಡಿದ್ಯಾ, ಮಗಳೇ?" ಎಂದರು ಹೊನ್ನಮ್ಮ. "ಈಗ ಪತ್ರಿಕೇಲಿ ಹಾಕು."